ಮಾತಿನ ಬೆಡಗು

(ಚಳ್ಳಕೆರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಹೊರಗಿನ ಲೋಕದ ಒಂದು ದೊಡ್ಡ ಸಂಗತಿಯನ್ನು ನಮ್ಮ ಸೀಮೆಯವರಿಗೆ ಹತ್ತಿರವಾಗುವ ಹಾಗೆ ಹೇಳಬೇಕು ಎಂಬುದು ಈ ದತ್ತಿ ಇಟ್ಟವರ ಆಸೆ. ನಾನು ಆರಿಸಿಕೊಂಡದ್ದು ಚೀನಾ ಸರ್ಕಾರ ಬೇರೆ ಬೇರೆ ದೇಶಗಳ ಪತ್ರಿಕೆ, ರೇಡಿಯೊ, ಟಿ.ವಿ. ಮತ್ತು ಒಪ್ಪಂದಗಳ ಮೂಲಕ ತನ್ನ ಮಾತನ್ನು ಹೇಗೆ ಹರಡುತ್ತದೆ ಎಂಬ ವಿಷಯ. ಆಮಂತ್ರಣ ಕೊಡಲು ಮನೆಗೆ ಬಂದ ಗೆಳೆಯರು, 'ಸ್ವಾಮಿ, ಚೀನಾ ಎಲ್ಲಿ, ಚಳ್ಳಕೆರೆ ಎಲ್ಲಿ?' ಎಂದು ಕೇಳಿದರು. ಬ್ರಹ್ಮಗಿರಿಯಿಂದ ಶುರು ಮಾಡುತ್ತೇನೆ ಅಂದೆ. ಹಾಗೇ ಮಾಡುತ್ತೇನೆ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರೂ ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವನ್ನು ಲೋಕಕ್ಕೆ ತೋರಿಸಿಕೊಟ್ಟರು. ಬ್ರಹ್ಮಗಿರಿಯ ಬಂಡೆಗೆ ನಮ್ಮ ಜನ ಇಟ್ಟ ಹೆಸರು ಅಕ್ಷರ ಗುಂಡು. ಓದಲು ಬಾರದ ಕಾಲದಲ್ಲೂ ಅಲ್ಲಿರುವುದು ಅಕ್ಷರ ಎಂಬುದು ಅವರಿಗೆ ಗೊತ್ತಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಮೇಷ್ಟ್ರು ನಮ್ಮನ್ನು ಅಲ್ಲಿಗೆ ನಡೆಸಿಕೊಂಡು ಹೋಗಿದ್ದರು. ಬಿಸಿಲಿಗೆ ಕಾದಿದ್ದ ಬಂಡೆಯ ಪಕ್ಕ ಕೂತು ಆ ಶಾಸನ ಹೇಗೆ ಶುರುವಾಗುತ್ತದೆ ಎಂದು ಹೇಳಿದರು. ಅದು ನೇರವಾಗಿ ಅಪ್ಪಣೆಗೆ ಇಳಿಯುವುದಿಲ್ಲ. ಸುವರ್ಣಗಿರಿಯಲ್ಲಿರುವ ಆರ್ಯಪುತ್ರ ಮತ್ತು ಮಹಾಮಾತ್ರರ (ಹಿರಿಯ ಅಧಿಕಾರಿಗಳ) ಮಾತಿನಂತೆ, ಇಸಿಲದ ಮಹಾಮಾತ್ರರ ಆರೋಗ್ಯವನ್ನು ಮೊದಲು ವಿಚಾರಿಸುತ್ತದೆ. ಆಮೇಲೆ ದೇವಾನಾಂಪ್ರಿಯನ ಅಪ್ಪಣೆ ಬರುತ್ತದೆ: ತಾಯಿತಂದೆಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ಹೇಳಬೇಕು. ಎಲ್ಲ ಮುಗಿದ ಮೇಲೆ ಕೆತ್ತಿದ ಲಿಪಿಕಾರ ಚಪಡ ತನ್ನ ಹೆಸರು ಹಾಕುತ್ತಾನೆ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೆ, ತಾನು ಲಿಪಿಕಾರ ಎನ್ನುವ ಮಾತನ್ನು ಮಾತ್ರ ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಖರೋಷ್ಠಿ ವಾಯವ್ಯದ ಗಾಂಧಾರ ಸೀಮೆಯ ಲಿಪಿ.

ಇದು ಪ್ರಚಾರವೇ. ಒಂದು ದೊಡ್ಡ ಸಾಮ್ರಾಜ್ಯ ತನ್ನ ಮಾತನ್ನು ನೂರಾರು ಮೈಲಿ ಆಚೆಯ, ತನ್ನ ಭಾಷೆ ಆಡದ ಜನಕ್ಕೆ ಕಳಿಸಿದ ಪ್ರಚಾರ. ಇದೇ ಅರಸ ಬೇರೆ ಶಾಸನದಲ್ಲಿ ತನ್ನ ಧರ್ಮದ ಮಾತು ಗ್ರೀಕ್ ದೊರೆಗಳ ನಾಡುಗಳನ್ನೂ ಮುಟ್ಟಿತು ಎಂದು ಹೇಳಿಕೊಂಡಿದ್ದಾನೆ. ಆದರೆ ಬ್ರಹ್ಮಗಿರಿಯ ಬಂಡೆಯ ಮುಂದೆ ನಿಂತವನಿಗೆ ಎಲ್ಲವೂ ತಿಳಿಯುತ್ತದೆ: ಮಾತು ಯಾರದು, ಯಾವ ಊರಿನಿಂದ ಹೊರಟಿತು, ಯಾರ ಕೈ ದಾಟಿ ಬಂತು, ಯಾರು ಕೆತ್ತಿದರು. ಒಂದು ಕೊರತೆ ಇತ್ತು. ನಮ್ಮ ಬಂಡೆಯಲ್ಲಿ ಅರಸನ ಬಿರುದಷ್ಟೇ ಇದೆ, ಹೆಸರಿಲ್ಲ. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ವಿದ್ವಾಂಸರು ತರ್ಕದಿಂದ ಹೇಳುತ್ತಿದ್ದರು. ಅದಕ್ಕೆ ರುಜು ಸಿಕ್ಕಿದ್ದೂ ಕನ್ನಡ ನೆಲದಲ್ಲೇ. 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇತ್ತು. ಹೇಳಿದವರ ಹೆಸರು ಸಿಕ್ಕಿದ ಮೇಲೆಯೇ ಮಾತಿನ ಅರ್ಥ ಪೂರ್ತಿ ತೆರೆದುಕೊಳ್ಳುವುದು.

ನಮ್ಮ ಸೀಮೆಯಲ್ಲಿ ಹೆಣ್ಣು ಕೊಡುವ ಮುಂಚೆ, ತರುವ ಮುಂಚೆ ಬೆಡಗು, ಅಂದರೆ ಮನೆತನದ ಮೂಲದ ಹೆಸರು, ಕೇಳುತ್ತಾರೆ. ಹುಡುಗ ಎಷ್ಟೇ ಓದಿರಲಿ, ಮನೆ ಎಷ್ಟೇ ದೊಡ್ಡದಿರಲಿ, 'ನಿಮ್ಮದು ಯಾವ ಬೆಡಗು?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೇಳಿದ್ದಕ್ಕೆ ಯಾರೂ ಮುನಿಸಿಕೊಳ್ಳುವುದಿಲ್ಲ. ಹೇಳದವನ ಬಗ್ಗೆ ಅನುಮಾನ ಹುಟ್ಟುತ್ತದೆ. ಮಾತಿನ ವಿಷಯದಲ್ಲೂ ಇದನ್ನೇ ಕೇಳಬೇಕು ಎಂಬುದೊಂದೇ ನಾನು ಈ ಹೊತ್ತು ಹೇಳಬೇಕೆಂದು ಬಂದಿರುವುದು. ಚೀನಾ ಮಾತಾಡುತ್ತದೆ ಎಂಬ ಬಗ್ಗೆ ನನ್ನ ತಕರಾರಿಲ್ಲ. ಎಲ್ಲ ರಾಜ್ಯಗಳೂ ಮಾತಾಡುತ್ತವೆ. ಬೆಡಗು ಮುಚ್ಚಿಟ್ಟು ಮಾತಾಡುವುದರ ಬಗ್ಗೆ ನನ್ನ ತಕರಾರು.

2016ರ ಫೆಬ್ರವರಿ 19ರಂದು ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ಒಂದೇ ದಿನ ಮೂರು ಕಚೇರಿಗಳಿಗೆ ಹೋದರು: ಪೀಪಲ್ಸ್ ಡೈಲಿ ಪತ್ರಿಕೆ, ಶಿನ್ಹುವಾ ಸುದ್ದಿಸಂಸ್ಥೆ, ಸರ್ಕಾರಿ ಟಿ.ವಿ.ಯಾದ ಸಿಸಿಟಿವಿ. ಕಮ್ಯುನಿಸ್ಟ್ ಪಕ್ಷ ಮತ್ತು ಸರ್ಕಾರದ ಮಾಧ್ಯಮಗಳ ಮನೆತನದ ಹೆಸರು 'ಪಕ್ಷ' ಎಂದೇ ಇರಬೇಕು ಎಂಬುದು ಅವತ್ತು ಅವರು ಹೇಳಿದ ಮಾತಿನ ತಿರುಳು. ಟಿ.ವಿ. ಕಚೇರಿಯಲ್ಲಿ ಅವರನ್ನು ಸ್ವಾಗತಿಸಲು ಹಾಕಿದ್ದ ಪರದೆಯ ಮೇಲೂ ತಮ್ಮ ಮನೆತನದ ಹೆಸರು ಪಕ್ಷ ಎಂದೇ ಬರೆದಿತ್ತು. ಎರಡು ವರ್ಷದ ಮೇಲೆ, 2018ರ ಮಾರ್ಚ್‌ನಲ್ಲಿ, ದೇಶದೊಳಗಿನ ರೇಡಿಯೊ, ಹೊರದೇಶಗಳಿಗೆ ಪ್ರಸಾರ ಮಾಡುವ ಚೀನಾ ರೇಡಿಯೊ ಇಂಟರ್‌ನ್ಯಾಷನಲ್ ಮತ್ತು ಸಿಸಿಟಿವಿ ಮೂರನ್ನೂ ಸೇರಿಸಿ ಒಂದೇ ಸಂಸ್ಥೆ ಮಾಡಿ ಪಕ್ಷದ ಪ್ರಚಾರ ವಿಭಾಗದ ಕೈಕೆಳಗೆ ಇಟ್ಟರು. ಅಂದರೆ ಮನೆಯೊಳಗೆ ಬೆಡಗನ್ನು ಎದೆ ತಟ್ಟಿ ಹೇಳುತ್ತಾರೆ. ಹೊಸಿಲು ದಾಟಿ ಬೇರೆಯವರ ಊರಿಗೆ ಬಂದಾಗ ಏನಾಗುತ್ತದೆ ಎಂಬುದನ್ನು ಈಗ ನೋಡೋಣ.

ಹಿಂದೆ ಹೀಗಿರಲಿಲ್ಲ. ನಮ್ಮಪ್ಪ ಮಗ್ಗದ ಕೋಣೆಯ ಗೂಡಿನಲ್ಲಿ ಮರ್ಫಿ ರೇಡಿಯೊ ಇಟ್ಟಿದ್ದರು. ರಾತ್ರಿ ಮುಳ್ಳು ತಿರುಗಿಸುತ್ತ ಹೋದರೆ ಸಿಲೋನ್ ಸಿಗುತ್ತಿತ್ತು, ಬಿಬಿಸಿ ಸಿಗುತ್ತಿತ್ತು. ಎರಡರ ನಡುವಿನ ಗರಗರ ಸದ್ದಿನಲ್ಲಿ ಒಮ್ಮೊಮ್ಮೆ ತಮಿಳು, ಒಮ್ಮೊಮ್ಮೆ ಹಿಂದಿ. ಅದು ಚೀನಾದ ಪೀಕಿಂಗ್ ರೇಡಿಯೊ. ಅವರ ಹಿಂದಿ ಪ್ರಸಾರ 1959ರಲ್ಲಿ, ತಮಿಳು ಪ್ರಸಾರ 1963ರಲ್ಲಿ ಶುರುವಾಯಿತು. 1962ರ ಯುದ್ಧ ಮುಗಿದ ಮರುವರ್ಷವೇ ತಮಿಳು ಎಂಬುದನ್ನು ಗಮನಿಸಿ. ತಮಿಳುನಾಡಿನ ಹಳ್ಳಿಗಳಲ್ಲಿ ಆ ಪ್ರಸಾರಕ್ಕೆ ಕೇಳುಗರ ಸಂಘಗಳೇ ಹುಟ್ಟಿಕೊಂಡವು. ಆದರೂ ಕಾರ್ಯಕ್ರಮದ ಮೊದಲ ಮಾತಿನಲ್ಲೇ ತಾವು ಯಾರು ಎಂದು ಹೇಳುತ್ತಿದ್ದರು. ಅಪ್ಪ ಅರ್ಧ ನಿಮಿಷ ಕೇಳಿ, 'ಪೀಕಿಂಗಿನೋರು' ಎಂದು ಮುಳ್ಳನ್ನು ಮುಂದಕ್ಕೆ ತಳ್ಳುತ್ತಿದ್ದರು. ಕೇಳಬೇಕೆ, ಬಿಡಬೇಕೆ ಎಂದು ತೀರ್ಮಾನಿಸುವ ಹಕ್ಕು ಅವರ ಹೆಬ್ಬೆರಳಿನಲ್ಲೇ ಇತ್ತು.

ಸೋವಿಯತ್ ಲ್ಯಾಂಡ್ ಪತ್ರಿಕೆಯ ನೆನಪು ಇಲ್ಲಿನ ಹಿರಿಯರಿಗೆ ಇರಬೇಕು. ಕನ್ನಡದಲ್ಲೂ ಬರುತ್ತಿತ್ತು. ಜೂನ್ ತಿಂಗಳಲ್ಲಿ ನಮ್ಮ ಪಠ್ಯಪುಸ್ತಕಗಳಿಗೆಲ್ಲ ಅದರ ನುಣುಪು ಹಾಳೆಯ ಹೊದಿಕೆ. ಗಣಿತದ ಪುಸ್ತಕದ ಮೇಲೆ ಗೋಧಿ ಕೊಯ್ಯುವ ಯಂತ್ರ, ಸಮಾಜದ ಪುಸ್ತಕದ ಮೇಲೆ ನಗುವ ಹೆಂಗಸರು. ಅದೂ ಪ್ರಚಾರವೇ. ಆದರೆ ಅದನ್ನು ಹೊರತರುತ್ತಿದ್ದುದು ದೆಹಲಿಯ ಸೋವಿಯತ್ ರಾಯಭಾರ ಕಚೇರಿಯ ವಾರ್ತಾ ವಿಭಾಗ ಎಂದು ಪತ್ರಿಕೆಯಲ್ಲೇ ಅಚ್ಚಾಗಿರುತ್ತಿತ್ತು. ಓದಿದವರು ರಷ್ಯಾದ ಮಾತು ಎಂದು ತಿಳಿದೇ ಓದಿದರು. ಕೆಲವರು ಒಪ್ಪಿದರು, ಕೆಲವರು ಪುಸ್ತಕಕ್ಕೆ ಹೊದಿಸಿದರು.

ಇಲ್ಲಿಂದ ಮುಂದಕ್ಕೆ ಹೋಗಲು ನನಗೆ ಮಗ್ಗ ಬೇಕು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತ ನೇಕಾರ ಹಾಸಿನ ಎಳೆಯನ್ನು ಬೆರಳಿನಲ್ಲಿ ಎತ್ತಿ ಹಿಡಿದರೆ ಸಾಕು, ಅದು ಎಲ್ಲಿಯ ನೂಲು ಎಂದು ಹೇಳುತ್ತಾನೆ. ನಮ್ಮ ಕಡೆಯ ರೇಷ್ಮೆಯಲ್ಲಿ ಎಳೆ ಒಂದೆಡೆ ದಪ್ಪ, ಒಂದೆಡೆ ತೆಳು, ಅಲ್ಲಲ್ಲಿ ಗಂಟು. ಚೀನಾದ್ದು ಉದ್ದಕ್ಕೂ ಒಂದೇ ಸಮ, ಹಣಿಗೆಯಲ್ಲಿ ತುಂಡಾಗುವುದಿಲ್ಲ. ಅದಕ್ಕೇ ಹಾಸಿನ ಎಳೆಗೆ ಚೀನಾ ರೇಷ್ಮೆ ಸಿಕ್ಕರೆ ನೇಕಾರನಿಗೆ ಜೀವ ಹಗುರ. ಇದರಲ್ಲಿ ಅವನ ತಪ್ಪೇನೂ ಇಲ್ಲ. ದಿನಕ್ಕೆ ಇಷ್ಟು ಮೊಳ ಇಳಿಸಬೇಕು ಎಂದು ದುಡಿಯುವವನು ಎಳೆ ತುಂಡಾದಾಗಲೆಲ್ಲ ಗಂಟು ಹಾಕುತ್ತ ಕೂರಲಾರ. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದರು. ಗೂಡಿನ ಬೆಲೆ ಕುಸಿದು ರೇಷ್ಮೆ ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಅದನ್ನು ಶೇ 15ಕ್ಕೆ ಏರಿಸಿದರು. ಆಗ ನೂಲು ಕೊಳ್ಳುವವರಿಗೆ ಸಂಕಟ. ಹಿಪ್ಪುನೇರಳೆ ಬೆಳೆಯುವ ಅಣ್ಣ ಒಂದು ಕಡೆ, ಮಗ್ಗದ ತಮ್ಮ ಇನ್ನೊಂದು ಕಡೆ. ಇಬ್ಬರ ಊಟವೂ ಬೇರೊಂದು ದೇಶದ ಬೆಲೆಗೆ ತೂಗುಬಿದ್ದಿತು. ಒಂದೂ ಮಾತಾಡದೆ ಪ್ರಭಾವ ಬೀರುವುದು ಹೇಗೆ ಎಂಬುದಕ್ಕೆ ಮೊಳಕಾಲ್ಮುರಿನವರಿಗೆ ಬೇರೆ ಪಾಠ ಬೇಕಿಲ್ಲ.

ಆದರೆ ನಾನು ಹೇಳಹೊರಟದ್ದು ಗುರುತಿನ ಚೀಟಿಯ ವಿಷಯ. ಸೀರೆಗೆ ಸಿಲ್ಕ್ ಮಾರ್ಕ್ ಚೀಟಿ ಇದ್ದರೆ ಅದು ಅಪ್ಪಟ ರೇಷ್ಮೆ ಎಂದು ಅರ್ಥ. ಮೊಳಕಾಲ್ಮುರು ಸೀರೆಗೆ ಸಿಕ್ಕಿರುವ ಭೌಗೋಳಿಕ ಗುರುತು ಎಲ್ಲಿ ನೇಯ್ದದ್ದು ಎಂದು ಹೇಳುತ್ತದೆ. ನೂಲು ಯಾವ ದೇಶದ್ದು ಎಂದು ಎರಡೂ ಹೇಳುವುದಿಲ್ಲ. ಸೀರೆಯಲ್ಲಿ ಇದರಿಂದ ದೊಡ್ಡ ಹಾನಿ ಇಲ್ಲ. ಸೆರಗು, ಅಂಚು, ಬುಟ್ಟಾ ಎಲ್ಲವೂ ನಮ್ಮವರ ಕೈಕಸುಬು. ಸುದ್ದಿಯಲ್ಲಿ ಹಾಗಲ್ಲ. ಪತ್ರಿಕೆಯ ಹೆಸರು ನಿಮ್ಮೂರಿನದು, ಓದುವ ದನಿ ನಿಮ್ಮೂರಿನದು, ಒಳಗಿನ ಹಾಸು ಬೀಜಿಂಗಿನದು ಎಂದಾದರೆ ಓದುಗ ಮೋಸಹೋದ ಹಾಗೆ.

ಇದಕ್ಕೆ ಚೀನಿಯರಲ್ಲೇ ಒಂದು ನುಡಿಗಟ್ಟು ಇದೆ: ಎರವಲು ಹಡಗು ಹತ್ತಿ ಕಡಲಿಗೆ ಇಳಿಯುವುದು. 2015ರ ನವೆಂಬರ್‌ನಲ್ಲಿ ರಾಯ್ಟರ್ಸ್ ಸುದ್ದಿಸಂಸ್ಥೆ ಒಂದು ದೊಡ್ಡ ತನಿಖಾ ವರದಿ ಪ್ರಕಟಿಸಿತು. 14 ದೇಶಗಳ ಕನಿಷ್ಠ 33 ರೇಡಿಯೊ ಕೇಂದ್ರಗಳು ಚೀನಾ ರೇಡಿಯೊ ಇಂಟರ್‌ನ್ಯಾಷನಲ್‌ನ ಕಾರ್ಯಕ್ರಮಗಳನ್ನು ಪ್ರಸಾರ ಮಾಡುತ್ತಿದ್ದವು. ಫಿನ್ಲೆಂಡ್, ಆಸ್ಟ್ರೇಲಿಯಾ, ಅಮೆರಿಕದ ಮೂರು ಖಾಸಗಿ ಕಂಪನಿಗಳು ಮುಂದೆ ನಿಂತಿದ್ದವು. ಅವುಗಳಲ್ಲಿ ಬಹುಪಾಲು ಬಂಡವಾಳ ಆ ರೇಡಿಯೊದ ಅಂಗಸಂಸ್ಥೆಯದು. ವಾಷಿಂಗ್ಟನ್ ಪಕ್ಕದ ಕೇಂದ್ರವೊಂದನ್ನು ಕಾರಿನಲ್ಲಿ ಕೇಳುತ್ತಿದ್ದವನಿಗೆ ಅದು ತನ್ನ ಊರಿನ ರೇಡಿಯೊ. ನಮ್ಮಪ್ಪನಿಗೆ ಇದ್ದ ಸೌಲಭ್ಯ, ಅರ್ಧ ನಿಮಿಷದಲ್ಲಿ ಗುರುತು ಹಿಡಿದು ಮುಳ್ಳು ತಿರುಗಿಸುವ ಸೌಲಭ್ಯ, ಅಮೆರಿಕದ ರಾಜಧಾನಿಯ ಕೇಳುಗನಿಗೆ ಇರಲಿಲ್ಲ.

ಪತ್ರಿಕೆಗಳಲ್ಲಿ ಇದರ ರೂಪ ಬೇರೆ. ಚೀನಾ ಡೈಲಿ ಎಂಬ ಸರ್ಕಾರಿ ಪತ್ರಿಕೆ 'ಚೀನಾ ವಾಚ್' ಹೆಸರಿನ ಪುರವಣಿಯನ್ನು ವಾಷಿಂಗ್ಟನ್ ಪೋಸ್ಟ್, ವಾಲ್ ಸ್ಟ್ರೀಟ್ ಜರ್ನಲ್, ಲಂಡನ್ನಿನ ಟೆಲಿಗ್ರಾಫ್ ಮುಂತಾದ ಪತ್ರಿಕೆಗಳ ಜೊತೆ ದುಡ್ಡು ಕೊಟ್ಟು ಹಂಚಿತು. ಜಾಹೀರಾತು ಎಂದು ಸಣ್ಣಕ್ಷರದಲ್ಲಿ ಇರುತ್ತಿತ್ತು. ಪುಟದ ವಿನ್ಯಾಸ ಮಾತ್ರ ಸುದ್ದಿಪುಟದ್ದೇ. ಅಮೆರಿಕದ ಕಾನೂನಿನ ಪ್ರಕಾರ ಸಲ್ಲಿಸಲೇಬೇಕಾದ ಲೆಕ್ಕದಿಂದ 2020ರಲ್ಲಿ ಗೊತ್ತಾದದ್ದು, ಸುಮಾರು ನಾಲ್ಕು ವರ್ಷಗಳಲ್ಲಿ ಅಲ್ಲಿನ ಪತ್ರಿಕೆಗಳಿಗೆ, ಮುದ್ರಣಕ್ಕೆ ಕೊಟ್ಟ ಹಣ 1.9 ಕೋಟಿ ಡಾಲರಿನ ಹತ್ತಿರ. ಇಂಥ ಲೆಕ್ಕ ಕೊಡಿಸುವ ಕಾನೂನು ಇದ್ದದ್ದರಿಂದಲೇ ಈ ಅಂಕಿ ನಮಗೆ ಸಿಕ್ಕಿತು.

ಬ್ರಿಟನ್ನಿನ ಉದಾಹರಣೆ ಇನ್ನೂ ಸ್ಪಷ್ಟ. 2021ರ ಫೆಬ್ರವರಿಯಲ್ಲಿ ಅಲ್ಲಿನ ಪ್ರಸಾರ ನಿಯಂತ್ರಕ ಸಂಸ್ಥೆ ಆಫ್‌ಕಾಮ್, ಚೀನಾದ ಸಿಜಿಟಿಎನ್ ವಾಹಿನಿಯ ಪರವಾನಗಿ ರದ್ದು ಮಾಡಿತು. ಪರವಾನಗಿ ಇದ್ದದ್ದು ಒಂದು ಕಂಪನಿಯ ಹೆಸರಿಗೆ. ಏನು ಪ್ರಸಾರವಾಗಬೇಕು ಎಂದು ತೀರ್ಮಾನಿಸುವ ಅಧಿಕಾರ ಆ ಕಂಪನಿಗೆ ಇರಲೇ ಇಲ್ಲ. ರದ್ದತಿಗೆ ಕೊಟ್ಟ ಕಾರಣ ಇದು. ಚೀನಾವನ್ನು ಹೊಗಳಿದ್ದಕ್ಕೋ ಬ್ರಿಟನ್ನನ್ನು ತೆಗಳಿದ್ದಕ್ಕೋ ಬಾಗಿಲು ಹಾಕಲಿಲ್ಲ. ಬೆಡಗು ಒಂದು ಬರೆದು ಇನ್ನೊಂದು ಇಟ್ಟುಕೊಂಡದ್ದಕ್ಕೆ ಹಾಕಿದರು. ಇದು ನನಗೆ ತುಂಬ ಸರಿಯಾದ ತೀರ್ಪು ಎನಿಸುತ್ತದೆ.

ಹಣ ಹೂಡಿದವನು ದಿನವೂ ಬಂದು ಅಪ್ಪಣೆ ಕೊಡಬೇಕಾಗಿಲ್ಲ. ದಕ್ಷಿಣ ಆಫ್ರಿಕಾದ ದೊಡ್ಡ ಪತ್ರಿಕಾ ಸಮೂಹವೊಂದನ್ನು 2013ರಲ್ಲಿ ಹೊಸ ಮಾಲೀಕರು ಕೊಂಡಾಗ ಚೀನಾದ ಸರ್ಕಾರಿ ಸಂಸ್ಥೆಗಳಿಗೆ ಶೇ 20ರಷ್ಟು ಪಾಲು ಸಿಕ್ಕಿತು. 2018ರಲ್ಲಿ ಅಜಾದ್ ಎಸ್ಸಾ ಎಂಬ ಅಂಕಣಕಾರರು ಚೀನಾದ ಷಿನ್‌ಜಿಯಾಂಗಿನ ಉಯಿಗುರ್ ಮುಸ್ಲಿಮರ ಮೇಲಿನ ದಬ್ಬಾಳಿಕೆಯ ಬಗ್ಗೆ ಬರೆದರು. ಕೆಲವೇ ದಿನಗಳಲ್ಲಿ ಅಂಕಣ ನಿಂತಿತು. ಇಂಥ ಒಂದು ಘಟನೆ ನಡೆದರೆ ಸಾಕು. ಆಮೇಲೆ ಉಳಿದವರು ತಾವಾಗಿಯೇ ಲೇಖನಿಯ ಮೊನೆ ಮುರಿದುಕೊಳ್ಳುತ್ತಾರೆ.

ಇನ್ನೂ ಹತ್ತಿರಕ್ಕೆ, ನೇಪಾಳಕ್ಕೆ ಬರೋಣ. 2019ರ ಮೇ ತಿಂಗಳಲ್ಲಿ ಅಲ್ಲಿನ ರಾಷ್ಟ್ರೀಯ ಸುದ್ದಿಸಂಸ್ಥೆಯ ಮೂವರು ಪತ್ರಕರ್ತರ ಮೇಲೆ ವಿಚಾರಣೆ ಕೂತಿತು. ದಲೈ ಲಾಮಾ ಆಸ್ಪತ್ರೆಯಿಂದ ಬಿಡುಗಡೆಯಾದರು ಎಂಬ ಸುದ್ದಿಯನ್ನು ಅನುವಾದಿಸಿ ಹಂಚಿದ್ದರು ಎಂಬುದು ಆಕ್ಷೇಪ. ಮುದುಕರೊಬ್ಬರು ಹುಷಾರಾಗಿ ಮನೆಗೆ ಹೋದ ಸುದ್ದಿ! ಚೀನಾ ಏನೆಂದುಕೊಂಡೀತೋ ಎಂದು ಅದಕ್ಕೂ ಭಯ. ಇದನ್ನು ಓದಿದ ದಿನ ನನಗೆ ಎಸ್. ನಿಜಲಿಂಗಪ್ಪನವರ ನೆನಪು ಬಂತು. ನಮ್ಮ ಚಿತ್ರದುರ್ಗದಲ್ಲಿ ವಕೀಲಿ ಮಾಡಿದವರು, ನಮ್ಮ ಸೀಮೆಯ ಬಿಸಿಲು ಕಂಡವರು. ಮುಂಡಗೋಡಿನ ಟಿಬೆಟನ್ ಶಿಬಿರ 1966ರಲ್ಲಿ ನೆಲೆಗೊಂಡಾಗ ಅವರೇ ಮುಖ್ಯಮಂತ್ರಿ. ಊರು ಬಿಟ್ಟು ಬಂದವರಿಗೆ ಮೈಸೂರು ರಾಜ್ಯ ಬೈಲುಕುಪ್ಪೆಯಿಂದ ಶುರುಮಾಡಿ ನೆಲ ಕೊಟ್ಟದ್ದನ್ನು, ನಿಜಲಿಂಗಪ್ಪನವರ ದೊಡ್ಡ ಮನಸ್ಸನ್ನು ದಲೈ ಲಾಮಾ ಸಾರ್ವಜನಿಕ ಸಭೆಗಳಲ್ಲಿ ಮತ್ತೆ ಮತ್ತೆ ನೆನೆದಿದ್ದಾರೆ. ಕನ್ನಡ ಪತ್ರಿಕೆಗಳು ಆ ಮಾತುಗಳನ್ನು ನಿರ್ಭಯವಾಗಿ ಅಚ್ಚು ಹಾಕಿವೆ. ಕಠ್ಮಂಡುವಿನಲ್ಲಿ ಕಷ್ಟವಾದದ್ದು ಹುಬ್ಬಳ್ಳಿಯಲ್ಲಿ ಸಲೀಸು. ಈ ಸಲೀಸು ತಾನಾಗಿ ಬಂದದ್ದಲ್ಲ, ತಾನಾಗಿ ಉಳಿಯುವುದೂ ಇಲ್ಲ.

ಮಕ್ಕಳೆ, ನಿಮ್ಮ ಮೊಬೈಲಿನ ವಿಷಯಕ್ಕೆ ಬರುತ್ತೇನೆ. 2020ರ ಜೂನ್ 15ರಂದು ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಪ್ರಾಣ ಕೊಟ್ಟರು. ಜೂನ್ 29ರಂದು ಸರ್ಕಾರ ಟಿಕ್‌ಟಾಕ್, ಹಲೋ, ಯುಸಿ ಬ್ರೌಸರ್, ಶೇರ್‌ಇಟ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿತು. ನಮ್ಮ ಹಳ್ಳಿಗಳ ಎಷ್ಟೋ ಹುಡುಗ ಹುಡುಗಿಯರು ಟಿಕ್‌ಟಾಕ್‌ನಲ್ಲಿ ಹಾಡಿದ್ದರು, ಕುಣಿದಿದ್ದರು. ಅವರ ಸಂತೋಷವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದಕ್ಕೂ ಒಂಬತ್ತು ತಿಂಗಳ ಹಿಂದೆ, ತಿಯಾನನ್ಮೆನ್ ಚೌಕ, ಟಿಬೆಟ್ ಸ್ವಾತಂತ್ರ್ಯದಂಥ ವಿಷಯಗಳನ್ನು ತಡೆಯಬೇಕು ಎಂಬ ಒಳನಿಯಮಗಳು ಆ ಕಂಪನಿಯಲ್ಲಿ ಇದ್ದವು ಎಂದು ಲಂಡನ್ನಿನ ಗಾರ್ಡಿಯನ್ ದಾಖಲೆಸಮೇತ ಬರೆದಿತ್ತು. ಅವು ಹಳೆಯ ನಿಯಮಗಳು, ಈಗ ಬಳಕೆಯಲ್ಲಿಲ್ಲ ಎಂದು ಕಂಪನಿ ಹೇಳಿತು. ತೆರೆಯ ಮೇಲೆ ಬಂದದ್ದನ್ನು ನಾವು ನೋಡಬಹುದು, ಒಪ್ಪಬಹುದು, ಬೈಯಬಹುದು. ತೆರೆಗೆ ಬಾರದೆ ಹೋದದ್ದನ್ನು ಏನು ಮಾಡುವುದು? ತಡೆದ ಕೈಗೆ ಮುಖವಿಲ್ಲ.

ಈಗ ನಮ್ಮ ಮನೆಯ ಬಾಗಿಲಿಗೆ. ವರವು ಕಾವಲು, ಕುದಾಪುರ, ಉಳ್ಳಾರ್ತಿ, ಈ ಹೆಸರುಗಳನ್ನು ನಿಮಗೆ ನಾನು ಪರಿಚಯಿಸಬೇಕಿಲ್ಲ. ಈ ಅಮೃತ ಮಹಲ್ ಕಾವಲಿನಲ್ಲಿ, ಅಂದರೆ ದನಕುರಿ ಮೇಯುವ ಹುಲ್ಲುಗಾವಲಿನಲ್ಲಿ, ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೊಗೆ 573 ಎಕರೆ ಹೋದವು. ಕುರಿ ಮೇಯಿಸುವವರಿಗೆ, ಕಂಬಳಿ ನೇಯುವವರಿಗೆ ಈ ಸುದ್ದಿ ಸರಿಯಾಗಿ ತಲುಪಿದ್ದು ಗೋಡೆ ಏಳತೊಡಗಿದ ಮೇಲೆ. ಮೇವಿನ ನೆಲ ಹೋಯಿತೆಂದು ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದರು. 2015ರ ಡಿಸೆಂಬರ್‌ನಲ್ಲಿ ಅಮೆರಿಕದ ಫಾರಿನ್ ಪಾಲಿಸಿ ಪತ್ರಿಕೆ ಚಳ್ಳಕೆರೆಯಲ್ಲಿ ಗುಟ್ಟಾದ ಅಣು ನಗರ ಎದ್ದು ನಿಲ್ಲುತ್ತಿದೆ ಎಂದು ಬರೆಯಿತು. 2017ರ ಫೆಬ್ರವರಿಯಲ್ಲಿ ಪಾಕಿಸ್ತಾನದ ವಿದೇಶಾಂಗ ಇಲಾಖೆ ಅದೇ ಮಾತನ್ನು ಎತ್ತಿಕೊಂಡಿತು. ಅದು ಬರೀ ಕಲ್ಪನೆ ಎಂದು ಭಾರತ ತಳ್ಳಿಹಾಕಿತು. ಅದೇ ವರ್ಷ ಮೇ 28ರಂದು ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ನೆಲೆಯ ಉದ್ಘಾಟನೆ ನಡೆಯಿತು. 2019ರ ಸೆಪ್ಟೆಂಬರ್ 17ರ ಬೆಳಿಗ್ಗೆ ರುಸ್ತುಂ-2 ಎಂಬ ಚಾಲಕರಹಿತ ವಿಮಾನ ಜೋಡಿ ಚಿಕ್ಕೇನಹಳ್ಳಿಯ ಹೊಲದಲ್ಲಿ ಬಿತ್ತು. ಊರವರು ಓಡಿ ಬಂದು ಸುತ್ತ ನಿಂತರು, ಮೊಬೈಲಿನಲ್ಲಿ ಚಿತ್ರ ತೆಗೆದರು. ದೇಶವೆಲ್ಲ ನೋಡಿದ್ದು ಆ ಚಿತ್ರಗಳನ್ನೇ.

ದೇಶದ ರಕ್ಷಣೆಗೆ ಬೇಕಾದ ಗುಟ್ಟು ಇರಲಿ. ಅದನ್ನು ಕೇಳುವ ಹಕ್ಕು ನನಗಿಲ್ಲ. ಆದರೆ ಯಾವ ಕಾವಲಿನಿಂದ ಎಷ್ಟು ನೆಲ, ಕುರಿಗಳಿಗೆ ಮುಂದೆ ದಾರಿ ಯಾವುದು, ಊರಿನ ನೀರಿಗೆ ಏನಾಗುತ್ತದೆ ಎಂಬುದು ಗುಟ್ಟಾಗಬಾರದಿತ್ತು. ನಮ್ಮ ಸರ್ಕಾರ ನಮ್ಮ ಭಾಷೆಯಲ್ಲಿ, ತನ್ನ ಹೆಸರು ಹಾಕಿ ಹೇಳದೆ ಬಿಟ್ಟ ಮಾತಿನ ಜಾಗ ಖಾಲಿ ಉಳಿಯುವುದಿಲ್ಲ. ವಾಷಿಂಗ್ಟನ್ನೋ ಇಸ್ಲಾಮಾಬಾದೋ ಬೀಜಿಂಗೋ ಬಂದು ಅಲ್ಲಿ ಕೂರುತ್ತದೆ. ಹೊರಗಿನ ಪ್ರಭಾವದ ಬಗ್ಗೆ ದೆಹಲಿಯಲ್ಲಿ ನಡೆಯುವ ಚರ್ಚೆಗಳಲ್ಲಿ ಈ ಮಾತನ್ನು ನಾನು ಕೇಳಿದ್ದು ಕಡಿಮೆ.

ಅನುಮಾನ ಅತಿಯಾದಾಗ ಆಗುವ ಕೇಡನ್ನೂ ಹೇಳದಿದ್ದರೆ ನನ್ನ ಮಾತು ಅರ್ಧ. 2023ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್, ನೆವಿಲ್ ರಾಯ್ ಸಿಂಘಂ ಎಂಬ ಅಮೆರಿಕನ್ ಉದ್ಯಮಿಯ ಹಣ ಹರಿದ ಜಾಲವೊಂದು ಚೀನಾದ ವಾದಗಳನ್ನು ಹರಡುತ್ತಿದೆ ಎಂದು ಬರೆಯುತ್ತ ದೆಹಲಿಯ ನ್ಯೂಸ್‌ಕ್ಲಿಕ್ ಸಂಸ್ಥೆಯ ಹೆಸರನ್ನೂ ಹೇಳಿತು. ಅಕ್ಟೋಬರ್ 3ರಂದು ಪೊಲೀಸರು ಹಲವಾರು ಪತ್ರಕರ್ತರ ಮನೆ ಶೋಧಿಸಿದರು. ಸಂಪಾದಕ ಪ್ರಬೀರ್ ಪುರಕಾಯಸ್ಥ ಅವರನ್ನು ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯ (ಯುಎಪಿಎ) ಅಡಿ ಬಂಧಿಸಿದರು. ಸಂಸ್ಥೆ ಆರೋಪವನ್ನು ಅಲ್ಲಗಳೆದಿದೆ. 2024ರ ಮೇ 15ರಂದು ಸುಪ್ರೀಂ ಕೋರ್ಟ್, ಬಂಧನದ ಕಾರಣಗಳನ್ನು ಬರಹದಲ್ಲಿ ಕೊಡದೆ ಬಂಧಿಸಿದ್ದು ಕಾನೂನಿಗೆ ವಿರುದ್ಧ ಎಂದು ಹೇಳಿ ಅವರ ಬಿಡುಗಡೆಗೆ ಆದೇಶ ಮಾಡಿತು. ಹಣ ಎಲ್ಲಿಂದ ಬಂತೆಂದು ಕೇಳುವುದು ತಪ್ಪಲ್ಲ. ಕೇಳುವವನೂ ಯಾಕೆ ಹಿಡಿದೆ ಎಂದು ಬರೆದು ಕೊಡಬೇಕು. ಬೆಡಗು ಕೇಳುವ ಶಾಸ್ತ್ರ ಎರಡೂ ಮನೆಗೆ ಒಂದೇ.

ನಮ್ಮ ದೇಶದ ಕಡೆಯಿಂದಲೂ ತಪ್ಪು ನಡೆದಿದೆ. ಭಾರತದ ಹಿತಕ್ಕಾಗಿ ಎಂದು ನೂರಕ್ಕೂ ಹೆಚ್ಚು ದೇಶಗಳ ಊರುಗಳ ಹೆಸರಿನಲ್ಲಿ 750ಕ್ಕೂ ಹೆಚ್ಚು ನಕಲಿ ಸುದ್ದಿತಾಣಗಳನ್ನು ನಡೆಸಿದ ಜಾಲವೊಂದನ್ನು ಯುರೋಪಿನ ಡಿಸ್‌ಇನ್ಫೊಲ್ಯಾಬ್ ಸಂಶೋಧಕರು 2020ರ ಡಿಸೆಂಬರ್‌ನಲ್ಲಿ ಬಯಲಿಗೆಳೆದರು. ದೇಶಪ್ರೇಮದ ಹೆಸರಿನಲ್ಲಿ ಅದನ್ನು ನಾನು ಸಮರ್ಥಿಸಲಾರೆ. ಸತ್ಯ ಹೇಳಬೇಕು ಎಂದು ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಕೆತ್ತಿಸಿಕೊಂಡ ಬಂಡೆಯ ನೆರಳಿನಲ್ಲಿ ಬೆಳೆದವರು ನಾವು.

ಒಪ್ಪಂದಗಳ ಬಗ್ಗೆ ಒಂದು ಮಾತು. 2013ರಲ್ಲಿ ಬೆಂಗಳೂರು ಮತ್ತು ಚೀನಾದ ಚೆಂಗ್ಡು ಸೋದರಿ ನಗರಗಳಾದವು. 2015ರ ಮೇ ತಿಂಗಳಲ್ಲಿ ಕರ್ನಾಟಕ ಮತ್ತು ಸಿಚುವಾನ್ ಸೋದರಿ ರಾಜ್ಯಗಳಾದವು. ಚೆಂಗ್ಡುವಿಗೆ ಹಳೆಯ ಕಾಲದಿಂದ ಜರತಾರಿ ಬಟ್ಟೆಯ ನಗರ ಎಂಬ ಹೆಸರಿದೆ. ಅಲ್ಲಿಯ ಷು ಜರತಾರಿ ಲೋಕಪ್ರಸಿದ್ಧ. ಅಲ್ಲಿನ ನೇಕಾರರು ಬಂದು ಮೊಳಕಾಲ್ಮುರಿನ ಮಗ್ಗ ನೋಡಲಿ, ನಮ್ಮವರು ಹೋಗಿ ಅವರ ಮಗ್ಗ ನೋಡಲಿ ಎಂಬುದು ನನ್ನ ಆಸೆ. ಚಂದ್ರವಳ್ಳಿಯ ಅಗೆತದಲ್ಲಿ ಚೀನೀ ನಾಣ್ಯ ಸಿಕ್ಕಿದ ಜಿಲ್ಲೆ ನಮ್ಮದು. ಅದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ, ಇರಲಿ; ಟಂಕಸಾಲೆಯವರ ಅಕ್ಷರ ಮೈಮೇಲೆ ಹೊತ್ತು ಅದು ಇಲ್ಲಿಗೆ ಬಂತು. ಚೀನೀ ಜನರ ಮೇಲೆ ದ್ವೇಷ ಕಾರುವವರ ಸಾಲಿನಲ್ಲಿ ನನ್ನನ್ನು ಸೇರಿಸಬೇಡಿ. ಗಾಲ್ವಾನಿನಲ್ಲಿ ತಮ್ಮವರು ಎಷ್ಟು ಜನ ಸತ್ತರು ಎಂಬ ಸರ್ಕಾರಿ ಲೆಕ್ಕವನ್ನು ಅನುಮಾನಿಸಿ ಬರೆದ ತಪ್ಪಿಗೆ ಎಂಟು ತಿಂಗಳ ಸೆರೆವಾಸ ಕಂಡ ಬರಹಗಾರ ಚೀನೀಯನೇ. ಆದರೆ ಇಂಥ ಒಪ್ಪಂದಗಳ ಪ್ರತಿ ಕನ್ನಡದಲ್ಲಿ ನಮ್ಮ ತಾಲ್ಲೂಕು ಗ್ರಂಥಾಲಯಗಳಲ್ಲಿ ಇರಬೇಕು. ಯಾರು ಯಾರಿಗೆ ಏನು ಕೊಡುತ್ತಾರೆ ಎಂದು ನೇಕಾರನ ಮಗಳು ಓದಿ ತಿಳಿಯುವಂತಿರಬೇಕು.

ಕೊನೆಗೆ ನಮ್ಮ ಪತ್ರಿಕೆಗಳ ಗೆಳೆಯರಿಗೆ. 2023ರ ಜೂನ್‌ನಲ್ಲಿ ಚೀನಾದಲ್ಲಿದ್ದ ಕೊನೆಯ ಭಾರತೀಯ ವರದಿಗಾರರಿಗೂ ಹೊರಡಲು ಹೇಳಿದರು ಎಂಬ ವರದಿ ಬಂತು. ಅದಕ್ಕೆ ಮುಂಚೆ ನಮ್ಮ ಸರ್ಕಾರವೂ ಚೀನೀ ಪತ್ರಕರ್ತರ ವೀಸಾ ನವೀಕರಿಸಿರಲಿಲ್ಲ. ಎರಡು ದೊಡ್ಡ ದೇಶಗಳು ಪರಸ್ಪರ ಕಣ್ಣು ಕಟ್ಟಿಕೊಂಡ ಹಾಗಾಯಿತು. ಹೀಗಾದಾಗ ಚೀನಾದ ಸುದ್ದಿ ನಮಗೆ ಎರಡು ಮೂರು ಕೈ ದಾಟಿಯೇ ಬರಬೇಕಾಗುತ್ತದೆ. ನಮ್ಮ ದೇಶದ ಸುದ್ದಿಸಂಸ್ಥೆಯೊಂದು ಶಿನ್ಹುವಾದ ಸುದ್ದಿಯನ್ನು ಆ ಹೆಸರು ಹಾಕಿಯೇ ಕೊಟ್ಟದ್ದುಂಟು. ಆದರೆ ಕನ್ನಡ ಪುಟಗಳಲ್ಲಿ ವಿದೇಶದ ಸುದ್ದಿಯ ತಲೆಯ ಮೇಲೆ ಎಷ್ಟು ಸಲ 'ಏಜೆನ್ಸೀಸ್' ಎಂದಷ್ಟೇ ಇರುತ್ತದೆ ಎಂದು ಗಮನಿಸಿ. ಜಾಗ ಉಳಿಸಲು, ಅವಸರಕ್ಕೆ ಮಾಡುವ ಕೆಲಸ ಅದು. ನಾನೂ ಕೆಲವು ವರ್ಷ ಪುಟ ಕಟ್ಟಿದವನು, ಆ ರಾತ್ರಿಗಳ ಅವಸರ ನನಗೆ ಗೊತ್ತು. ಆದರೆ ಆ ಒಂದು ಪದದಲ್ಲಿ ರಾಯ್ಟರ್ಸ್, ಪಿಟಿಐ, ಶಿನ್ಹುವಾ ಎಲ್ಲ ಒಂದೇ ಬೆಡಗಿನವರಾಗಿಬಿಡುತ್ತಾರೆ.

ಹಾಗೆಯೇ ಚಳ್ಳಕೆರೆಯ, ಮೊಳಕಾಲ್ಮುರಿನ ಅರೆಕಾಲಿಕ ವರದಿಗಾರರಿಗೆ ಬದುಕಲು ಸಾಲುವಷ್ಟು ಸಂಬಳ ಕೊಡಿ. ಕಾವಲಿನ ಗೋಡೆಯ ಸುದ್ದಿ ಮೊದಲು ಅವರಿಂದ ಬರಬೇಕಿತ್ತು. ಶಾಲೆಯ ಮೇಷ್ಟ್ರುಗಳೆ, ಮಕ್ಕಳನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿ, ಮೊದಲ ಸಾಲನ್ನೂ ಚಪಡ ಹೆಸರು ಹಾಕಿದ ಕೊನೆಯ ಸಾಲನ್ನೂ ತೋರಿಸಿ. ಪುಟ ಕಟ್ಟುವ ತಮ್ಮಂದಿರೆ, ತಂಗಿಯರೆ, ಈ ರಾತ್ರಿಯಿಂದಲೇ 'ಏಜೆನ್ಸೀಸ್' ಎಂಬ ಪದ ತೆಗೆದು ಅಲ್ಲಿ ಸುದ್ದಿ ಕೊಟ್ಟವರ ಪೂರ್ತಿ ಹೆಸರು ಹಾಕಿ.